ಗೊತ್ತಿಲ್ಲದೆ ಹಿಡಿದ ವೀಳ್ಯ

"ನೋಡಬೇಕಾದದ್ದು ಆನೆಯನ್ನು... ನನ್ನನ್ನಲ್ಲ!"

ಮಾತು ಬಾಯಿಂದ ಜಾರಿದ ಮೇಲೆ ವಿಶಾಲಾಕ್ಷಿಗೇ ಗಾಬರಿಯಾಯಿತು. ಹೋಟೆಲಿಗೆ ಬಂದವರ ಜೊತೆ ಹೀಗಾ ಮಾತಾಡುವುದು?

ಮಡಿಕೇರಿ ಕೋಟೆಯ ಒಳಗೆ, ಎರಡು ದೊಡ್ಡ ಗಾರೆಯಾನೆಗಳಿಗೆ ಬೆನ್ನು ಹಾಕಿ ನಿಂತಿದ್ದ ಆ ಯುವಕ ತಟ್ಟನೆ ಕಣ್ಣು ತಗ್ಗಿಸಿದ. ಅವನ ಕಿವಿ ಕೆಂಪಾಯಿತು.

"ತಪ್ಪಾಯ್ತು... ಆನೆ ತುಂಬ ಚೆನ್ನಾಗಿದೆ."

"ತಿರುಗಿ ನೋಡಿ ಹೇಳಿ. ಆನೆ ಇರೋದು ನಿಮ್ಮ ಬೆನ್ನ ಹಿಂದೆ."

ಪಕ್ಕದಲ್ಲಿದ್ದ ಅವನ ಸೋದರತ್ತೆ ಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಸರಿಯಾಗಿ ಹೇಳ್ದೆ ಕಣವ್ವ! ನಮ್ ಸಣ್ಣಸ್ವಾಮಿಗೆ ಏಲಕ್ಕಿ ವ್ಯಾಪಾರ ಬಿಟ್ರೆ ಬೇರೆ ಏನೂ ಕಣ್ಣಿಗೆ ಕಾಣಕ್ಕಿಲ್ಲ."

ವಿಶಾಲಾಕ್ಷಿಯೂ ನಕ್ಕಳು. ನಕ್ಕ ಮೇಲೆ ಅವಳಿಗೆ ಅಚ್ಚರಿಯಾಯಿತು. ತನ್ನ ನಗು ತನಗೇ ಕೇಳಿಸಿ ಎಷ್ಟು ಕಾಲವಾಗಿತ್ತು...

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ಮಡಿಕೇರಿ ಅದರ ರಾಜಧಾನಿ. ಪೇಟೆಯ ನಡುವೆಯೇ ಇತ್ತು ಪೊನ್ನಮ್ಮನವರ ಹೋಟೆಲ್. ಅಸೆಂಬ್ಲಿ ಸೇರಿದಾಗ ಮೆಂಬರುಗಳು, ಉಳಿದ ದಿನಗಳಲ್ಲಿ ಊರು ನೋಡಲು ಬರುವ ಸಂಸಾರಗಳು. ಕೋಟೆ, ಓಂಕಾರೇಶ್ವರ, ರಾಜಾಸೀಟು, ರಾಜರ ಸಮಾಧಿಗಳಿರುವ ಗದ್ದುಗೆ... ಎಲ್ಲವೂ ಆ ಬಾಗಿಲಿನಿಂದ ನಡೆದೇ ಹೋಗುವಷ್ಟು ಹತ್ತಿರ. ಹೆಂಗಸರನ್ನು ಕರೆದುಕೊಂಡು ಹೋಗಿ ತೋರಿಸುವ ಕೆಲಸ ವಿಶಾಲಾಕ್ಷಿಯದು.

ಮೈಸೂರಿನಲ್ಲಿ ಬಿ.ಎ. ಓದಿದವಳು. ಓದಿಸಿದ ಗಂಡ ವಿಷಮಜ್ವರದಲ್ಲಿ ಹೋಗಿಬಿಟ್ಟ. ಅತ್ತೆಮನೆಯಲ್ಲಿ ಇರಲಾಗಲಿಲ್ಲ. ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಅಣ್ಣ ಕೆಂಪಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ದಿನಾ ನೋಡಲಾಗಲಿಲ್ಲ. ಪೊನ್ನಮ್ಮ ಕರೆದರು, ಬಂದಳು. ಅಳು ಕೂಡ ಮುಗಿದುಹೋಗಿದ್ದ ಹೊತ್ತದು.

ಅಂದು ಬೆಳಿಗ್ಗೆ ಪೊನ್ನಮ್ಮ ಹೇಳಿದ್ದರು: "ಸೋಮವಾರಪೇಟೆ ಕಡೆಯವರು ಕುಂಞಿ, ಒಳ್ಳೆ ಜನ. ಎಲ್ಲ ನಿಧಾನವಾಗಿ ತೋರಿಸು, ಆಯ್ತಾ?"

ಪೊನ್ನಮ್ಮ ಕೊಡವರು. ಪ್ರೀತಿ ಬಂದಾಗ ಅವರಿಗೆ ಅವಳು 'ಕುಂಞಿ', ಮಗು. ಅಂದು ಆ ಪ್ರೀತಿ ಸ್ವಲ್ಪ ಹೆಚ್ಚೇ ಇತ್ತು. ವಿಶಾಲಾಕ್ಷಿ ಗಮನಿಸಲಿಲ್ಲ.

ಲಿಂಗಮ್ಮನಿಗೆ ಊರಿಗಿಂತ ಅವಳ ಮೇಲೇ ಕುತೂಹಲ. ಮೆಟ್ಟಿಲು ಹತ್ತುವಾಗ, "ನೀ ಮುಂದೆ ನಡೀ ತಾಯಿ, ನಾ ಹಿಂದೆ ಬತ್ತೀನಿ" ಎನ್ನುವರು. ಓಂಕಾರೇಶ್ವರದಲ್ಲಿ ಸೂಜಿ ತೆಗೆದು, "ನಂಗೆ ಕಣ್ ಕಾಣಕ್ಕಿಲ್ಲ, ದಾರ ಪೋಣಿಸ್ಕೊಡು" ಎಂದರು. ದೇವಸ್ಥಾನಕ್ಕೆ ಬಂದು ಯಾರಾದರೂ ಸೂಜಿ ಹಿಡಿಯುತ್ತಾರೆಯೇ? ಆದರೂ ಪೋಣಿಸಿ ಕೊಟ್ಟಳು.

"ಮಕ್ಕಳು ಕಂಡ್ರೆ ಆಸೆನಾ ಮಗ?"

"ಆಸೆಯೇ ಅತ್ತೆ..." ಎಂದಳು. ಅಷ್ಟರಲ್ಲಿ ಸಣ್ಣಸ್ವಾಮಿ, "ಸಾಕು ಬಿಡತ್ತೆ!" ಎಂದು ಸಿಡುಕಿ ಕೊಳದ ಕಡೆ ಹೊರಟುಬಿಟ್ಟ.

ಅವಳು ಪುರಿಯ ಪೊಟ್ಟಣ ಹಿಡಿದು ಹೋದಳು. ಇಬ್ಬರೂ ಮೀನುಗಳಿಗೆ ಪುರಿ ಹಾಕಿದರು. ನೀರು ಕುದಿಯುವಂತೆ ಮೀನುಗಳು ಮೇಲೆದ್ದವು. ಅವನ ಅಂಗಿಯಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು.

"ಎಲ್ಲರಿಗೂ ಎಲ್ಲ ತೋರಿಸ್ತೀರಿ... ನಿಮಗೆ ಈ ಊರಲ್ಲಿ ಯಾವ ಜಾಗ ಇಷ್ಟ?"

ಅವಳ ಕೈ ಅಲ್ಲೇ ನಿಂತಿತು. ಇದುವರೆಗೆ ಯಾರೂ ಕೇಳಿರಲಿಲ್ಲ!

"ಗದ್ದುಗೆ ಹಿಂದೆ ಒಂದು ಕಟ್ಟೆ ಇದೆ. ಅಲ್ಲಿಗೆ ಯಾರೂ ಬರೋದಿಲ್ಲ. ಯಾರೂ ಏನೂ ಕೇಳೋದೂ ಇಲ್ಲ."

"ನಾನು ಕೇಳಿದ್ದು ತಪ್ಪಾಯ್ತಾ?"

"ಇಲ್ಲ," ಎಂದಳು ಮೆಲ್ಲಗೆ. "ನೀವು ಕೇಳಬಹುದು."

ಅವನು ಪೊಟ್ಟಣದಲ್ಲಿ ಉಳಿದ ಪುರಿಯನ್ನೆಲ್ಲ ಒಮ್ಮೆಗೇ ನೀರಿಗೆ ಸುರಿದುಬಿಟ್ಟ.

ಮರುದಿನ ಸಂಜೆ ರಾಜಾಸೀಟು. ಸೂರ್ಯ ಬೆಟ್ಟಗಳ ಸಾಲಿಗೆ ಇಳಿಯುತ್ತಿದ್ದ. ಲಿಂಗಮ್ಮ ಚೀಲದಿಂದ ಒಂದು ತಟ್ಟೆ ತೆಗೆದರು. ಎಲೆ, ಅಡಿಕೆ, ತೆಂಗಿನಕಾಯಿ, ಮೇಲೊಂದು ಹಸಿರು ರವಿಕೆ ಕಣ.

"ಹಿಡಿಯವ್ವ. ಎರಡೂ ಕೈಲಿ ಹಿಡಿ."

ವಿಶಾಲಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು.

ಹೊರಡುವ ಹೆಂಗಸರು ಹೋಟೆಲಿನಲ್ಲಿ ವೀಳ್ಯ ಕೊಡುವುದು ಹೊಸದಲ್ಲ. ಪೊನ್ನಮ್ಮನಿಗೆ ಕೊಡುವರು, ಅಡಿಗೆ ಕೆಲಸದ ಮುದ್ದಿಗೂ ಕೊಡುವರು. ಆ ಹೊತ್ತಿಗೆ ಸರಿಯಾಗಿ ವಿಶಾಲಾಕ್ಷಿ ಬಾಗಿಲ ಹಿಂದೆ ಸರಿದುಬಿಡುವಳು. ಹಣೆಯಲ್ಲಿ ಕುಂಕುಮವಿಲ್ಲದವಳಿಗೆ ಯಾರೂ ವೀಳ್ಯ ಕೊಡುವುದಿಲ್ಲ. ಅವರಿಗೆ ಮುಜುಗರವಾಗಬಾರದಲ್ಲ!

"ಅತ್ತೆ... ನನಗಾ?"

"ನಿಂಗೇ ಕಣವ್ವ. ಇನ್ಯಾರಿಗೆ?"

ಎರಡೂ ಕೈ ಚಾಚಿ ಹಿಡಿದಳು. ಕಣ್ಣು ತುಂಬಿ ಬೆಟ್ಟವೆಲ್ಲ ಕಲಸಿಹೋಯಿತು. 'ನಾನೂ ಒಬ್ಬ ಹೆಂಗಸು ಅಂತ ಇವರಿಗೆ ಅನ್ನಿಸಿತಲ್ಲ...'

ಸಣ್ಣಸ್ವಾಮಿ ಮುಖ ತಿರುಗಿಸಿ ಕಣಿವೆಯ ಕಡೆ ನೋಡುತ್ತಿದ್ದ. ಅವನ ಕಣ್ಣೂ ತುಂಬಿರಬೇಕು ಎಂದುಕೊಂಡಳು. ಆ ಒಂದು ಕ್ಷಣ ಅವಳ ಎದೆಯಲ್ಲಿ ಸತ್ತೇಹೋಗಿದ್ದ ಏನೋ ಒಂದು ಮಗ್ಗುಲು ಬದಲಿಸಿತು.

ಬೆಳಿಗ್ಗೆ ಅಣ್ಣ ಕೆಂಪಣ್ಣ ಬಂದ. ಕೈಯಲ್ಲಿ ಮಿಠಾಯಿ ಪೊಟ್ಟಣ, ಮುಖದ ತುಂಬ ನಗು.

"ಗೆದ್ದೆ ಕಣೇ ವಿಶಾಲು! ವೀಳ್ಯ ಹಿಡಿದ್ಯಂತೆ! ಎರಡೂ ಕೈಲಿ ಹಿಡಿದ್ಲು ಅಂತ ಲಿಂಗಮ್ಮ ಬಸ್ ಸ್ಟ್ಯಾಂಡಲ್ಲಿ ಎಲ್ರಿಗೂ ಹೇಳ್ತಾವ್ರೆ!"

"ಏನಣ್ಣ ಅದರಲ್ಲಿ? ಊರು ತೋರಿಸಿದ್ದಕ್ಕೆ ಕೊಟ್ಟರು."

ಕೆಂಪಣ್ಣ ಜೋರಾಗಿ ನಕ್ಕ. "ಊರು ನೋಡಕ್ಕೆ ಬಂದಿದ್ರಾ ಅವ್ರು? ನಿನ್ ನೋಡಕ್ಕೆ ಬಂದಿದ್ದು ಕಣೇ! ದೊಡ್ಡಸ್ವಾಮಿಗೆ. ಸಣ್ಣಸ್ವಾಮಿ ಅಣ್ಣ. ಹೆಂಡ್ತಿ ತೀರ್ಕೊಂಡವ್ಳೆ, ಎರಡು ಮಕ್ಳವೆ. ಮುಂದಿನ ತಿಂಗ್ಳು ಕೂಡಿಕೆ ಮಾಡದು ಅಂತ ಮಾತಾಯ್ತು."

ಅವಳು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು.

ಅವರ ಜನರಲ್ಲಿ ಗಂಡ ಸತ್ತವಳಿಗೆ ಮದುವೆಯಿಲ್ಲ, ಕೂಡಿಕೆ. ವಾಲಗವಿಲ್ಲ, ಚಪ್ಪರವಿಲ್ಲ. ಅದೂ ಹೆಂಡತಿ ಸತ್ತವನ ಜೊತೆ ಮಾತ್ರ. ಗಂಡಿನ ಕಡೆಯವರು ಕೊಟ್ಟ ವೀಳ್ಯವನ್ನು ಹೆಣ್ಣು ಎರಡೂ ಕೈಯಲ್ಲಿ ಹಿಡಿದರೆ ಒಪ್ಪಿದಳು ಎಂದೇ ಅರ್ಥ. ಗೊತ್ತಿರಲಿಲ್ಲವೇ ಅವಳಿಗೆ? ಗೊತ್ತಿತ್ತು. ತನ್ನನ್ನು ಯಾರೋ ನೋಡಲು ಬಂದಿದ್ದಾರೆ ಎಂಬುದೊಂದು ಗೊತ್ತಿರಲಿಲ್ಲ!

"ನನ್ನನ್ನ ಒಂದು ಮಾತು ಕೇಳಿದ್ಯಾ ಅಣ್ಣ?"

"ಕೇಳಿದ್ರೆ ನೀ ಒಪ್ತಿದ್ಯಾ? ಓದಿರೋಳು ನೀನು, ಹತ್ತು ಪ್ರಶ್ನೆ ಹಾಕ್ತಿದ್ದೆ. ಅದಕ್ಕೇ ಪೊನ್ನಮ್ಮೋರ ಹತ್ರ ಹೇಳಿ..."

ಅವಳು ನಿಧಾನವಾಗಿ ತಿರುಗಿದಳು. ಪೊನ್ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನಿಮಗೂ ಗೊತ್ತಿತ್ತಾ?"

ಪೊನ್ನಮ್ಮ ಒಣಗಿದ್ದ ಕೈಯನ್ನೇ ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಂಡರು. "ನಿನ್ನ ಒಳ್ಳೇದಕ್ಕೆ ಕುಂಞಿ..."

"ಹಾಗೆ ಕರೀಬೇಡಿ ನನ್ನ!"

ಮುಂದೆ ನಡೆ, ಸೂಜಿ ಪೋಣಿಸು, ಮಕ್ಕಳು ಇಷ್ಟವಾ... ಎಲ್ಲ ಈಗ ಅರ್ಥವಾಯಿತು. ಸಂತೆಯಲ್ಲಿ ಹಸುವಿನ ಹಲ್ಲು ನೋಡುತ್ತಾರಲ್ಲ, ಹಾಗೆ. ಹಸುವಿಗಾದರೂ ತನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಿರುತ್ತದೆ.

ಮತ್ತೆ ಅವನು? 'ನಿಮಗೆ ಯಾವ ಜಾಗ ಇಷ್ಟ' ಅಂದನಲ್ಲ, ಅದೂ ಪರೀಕ್ಷೆಯೇ?

ತಟ್ಟೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ದಾರಿಯುದ್ದಕ್ಕೂ ಅಣ್ಣ ಕೂಗುತ್ತಲೇ ಇದ್ದ.

ಸೋಮವಾರಪೇಟೆ ಬಸ್ಸು ಹೊರಡುವುದರಲ್ಲಿತ್ತು. ಲಿಂಗಮ್ಮ ಒಳಗೆ ಕೂತಿದ್ದರು. ಸಣ್ಣಸ್ವಾಮಿ ಕೆಳಗೆ ನಿಂತಿದ್ದ. ವಿಶಾಲಾಕ್ಷಿ ತಟ್ಟೆಯನ್ನು ಅವನ ಎದೆಗೆ ಒತ್ತಿದಳು.

"ತಗೊಳ್ಳಿ. ನಿಮ್ಮಣ್ಣನಿಗೆ ಬೇರೆ ಹೆಣ್ಣು ನೋಡಿ. ಈ ಸಲ ಅವಳಿಗೂ ಒಂದು ಮಾತು ಹೇಳಿ."

ಅವನ ಮುಖ ಬಿಳಿಚಿಕೊಂಡಿತು. "ಅಂದ್ರೆ... ನಿಮಗೆ ಗೊತ್ತಿರಲಿಲ್ವಾ?"

"ಎಷ್ಟು ಚೆನ್ನಾಗಿ ಕೇಳ್ತೀರಿ!"

"ವೀಳ್ಯ ಹಿಡಿದು ವಾಪಸ್ ಕೊಡ್ತಾಳಾ!" ಲಿಂಗಮ್ಮ ಕಿಟಕಿಯಿಂದ ಕಿರುಚಿದರು. "ಮುಂಡೆಗೆ ಇಷ್ಟು ಕೊಬ್ಬಾ! ಹತ್ತೋ ಸಣ್ಣಸ್ವಾಮಿ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿಶಾಲಾಕ್ಷಿ ಅವನ ಮುಖವನ್ನೇ ನೋಡುತ್ತ ನಿಂತಳು. 'ಒಂದು ಮಾತು... ನನ್ನ ಪರವಾಗಿ ಒಂದೇ ಒಂದು ಮಾತು ಆಡು.'

ಅವನು ಆಡಲಿಲ್ಲ. ತಟ್ಟೆ ಹಿಡಿದು ಬಸ್ಸು ಹತ್ತಿದ.

ಅಣ್ಣ ಮಾಡಿದ್ದು ನೋಯಿಸಿತ್ತು, ಪೊನ್ನಮ್ಮ ಮಾಡಿದ್ದು ಇನ್ನೂ ಹೆಚ್ಚು. ಆದರೆ ಉಸಿರು ಕಟ್ಟಿಸಿದ್ದು ಅವನ ಆ ಮೌನ.

ಅಂದಿನಿಂದ ಅವಳು ಯಾರಿಗೂ ಊರು ತೋರಿಸಲಿಲ್ಲ. "ಕಾಲು ನೋವು," ಎನ್ನುವಳು. ಹೋಟೆಲಿನ ಬಟ್ಟೆ ಮಡಿಸುವಳು, ಹಾಸಿಗೆ ಕೊಡವುವಳು. ಪೊನ್ನಮ್ಮನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಗದ್ದುಗೆಯ ಹಿಂದಿನ ಕಟ್ಟೆಗೂ ಹೋಗಲಿಲ್ಲ. ಆ ಜಾಗವನ್ನೂ ಅವನಿಗೆ ಹೇಳಿಬಿಟ್ಟಿದ್ದಳಲ್ಲ! ತನ್ನದು ಅಂತ ಇದ್ದದ್ದು ಅದೊಂದೇ.

ಒಂದು ಸಂಜೆ ಪೊನ್ನಮ್ಮನೇ ಬಂದು ಅವಳ ಹತ್ತಿರ ಕೂತರು. "ಕೇಳಬೇಕಿತ್ತು. ನಿನ್ನ ಹತ್ತಿರ ಕೇಳದೆ ಮಾಡಿದ್ದು ನನ್ನ ತಪ್ಪು. ಬೈದುಬಿಡು ಮಾರಾಯ್ತಿ, ಆದ್ರೆ ಹೀಗೆ ಸುಮ್ಮನಿರಬೇಡ."

ವಿಶಾಲಾಕ್ಷಿ ಮಡಿಸಿದ್ದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದಳು.

ಶುಕ್ರವಾರದ ಸಂತೆಯ ದಿನ. ಬೀದಿ ತುಂಬ ಕಿತ್ತಳೆಯ ರಾಶಿ. ಹೋಟೆಲಿನ ಮೆಟ್ಟಿಲ ಮೇಲೆ ನೀರು ಚಿಮುಕಿಸುತ್ತಿದ್ದವಳಿಗೆ ಏಲಕ್ಕಿಯ ವಾಸನೆ ಬಂತು. ತಲೆ ಎತ್ತಿದಳು.

ಸಣ್ಣಸ್ವಾಮಿ!

"ರೂಮು ಖಾಲಿ ಇಲ್ಲ," ಎಂದಳು ತಕ್ಷಣ.

"ರೂಮಿಗೆ ಬಂದಿಲ್ಲ."

"ಮತ್ತೆ? ಈ ಸಲ ಯಾರಿಗೆ ಹೆಣ್ಣು ನೋಡೋಕೆ ಬಂದ್ರಿ? ಚಿಕ್ಕಪ್ಪನಿಗಾ?"

ಅವನು ಅದನ್ನು ಸಹಿಸಿಕೊಂಡ. "ನೋಡೋಕೆ ಬಂದಿಲ್ಲ. ತೋರಿಸ್ಕೊಳ್ಳೋಕೆ ಬಂದಿದೀನಿ."

"ಏನು?"

"ಅವತ್ತು ನಾವು ನಿಮ್ಮನ್ನ ನೋಡಿದ್ವಿ. ಇವತ್ತು ನೀವು ನನ್ನ ನೋಡಿ. ನಡಿ ಅಂದ್ರೆ ನಡೀತೀನಿ. ಸೂಜಿ ಪೋಣಿಸು ಅಂದ್ರೆ..." ಜೇಬಿಗೆ ಕೈ ಹಾಕಿದ. "ಸೂಜಿ ದಾರ ತಂದಿದೀನಿ."

ನಗು ಬರಬಾರದಿತ್ತು. ಬಂತು. ಅವಳು ತುಟಿ ಕಚ್ಚಿಕೊಂಡಳು. "ಇದೂ ಯಾರಾದರೂ ಕಳಿಸಿದ್ದಾ?"

"ನಾನು ಬಂದಿರೋದು ಕಂಡಕ್ಟರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮೊದಲು ಗದ್ದುಗೆ ಹಿಂದಿನ ಕಟ್ಟೆಗೆ ಹೋಗಿದ್ದೆ. ನೀವು ಇರಲಿಲ್ಲ."

"ಅಲ್ಲಿಗೆ ಹೋಗೋದು ಬಿಟ್ಟೆ," ಎಂದಳು. ಅವನ ತಲೆ ತಗ್ಗಿತು.

ಒಳಗಿನಿಂದ ಪೊನ್ನಮ್ಮ ಇಣುಕಿದರು. ವಿಶಾಲಾಕ್ಷಿಯ ಕೈಯಿಂದ ನೀರಿನ ಚೊಂಬು ತೆಗೆದುಕೊಂಡರು.

ಕೋಟೆಯ ಒಳಗೆ ಅದೇ ಆನೆಗಳು.

"ಅಲ್ಲಿ ನಿಲ್ಲಿ. ಆನೆ ಪಕ್ಕ," ಎಂದಳು. ಅವನು ನಿಂತ. "ಈಗ ಹೇಳಿ. ಅವತ್ತು ಬಸ್ಸಿನ ಹತ್ತಿರ ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮಣ್ಣ ನಮಗೆ ಹೇಳಿದ್ರು, 'ಅವಳಿಗೆ ಎಲ್ಲ ಗೊತ್ತು, ಒಪ್ಪಿದಾಳೆ, ನಾಚ್ಕೋತಾಳೆ, ಆ ಮಾತು ಎತ್ತಬೇಡಿ' ಅಂತ. ನಾನು ನಂಬಿದ್ದೆ. ಅವತ್ತು ಇಲ್ಲೇ ನೀವು ನಕ್ಕಾಗ... ಅಣ್ಣನನ್ನ ಒಪ್ಪಿ ನನ್ನ ಜೊತೆ ಯಾಕೆ ಹೀಗೆ ನಗ್ತಾರೆ ಅಂತ ಸಂಕಟ ಆಯ್ತು. ನೀವು ವೀಳ್ಯ ಹಿಡಿದಾಗ ನಂಗೆ ನೋಡೋಕಾಗಲಿಲ್ಲ."

ಕಣಿವೆಯ ಕಡೆ ತಿರುಗಿದ್ದ ಆ ಮುಖ... ವಿಶಾಲಾಕ್ಷಿಗೆ ನೆನಪಾಯಿತು.

"ನಿಮಗೆ ಗೊತ್ತಿರಲಿಲ್ಲ ಅಂತ ತಿಳಿದಾಗ ಮೊದಲು ಬಂದದ್ದು ನಾಚಿಕೆ ಅಲ್ಲ," ಎಂದು ಅವಳ ಮುಖ ನೋಡಿದ. "ಸಂತೋಷ! ನೀವು ಅಣ್ಣನನ್ನ ಒಪ್ಪಿರಲಿಲ್ಲ ಅನ್ನೋ ಸಂತೋಷ. ನೀವು ಅಲ್ಲಿ ಅಷ್ಟು ನೋವಲ್ಲಿ ನಿಂತಿರೋವಾಗ ನಂಗೆ ಸಂತೋಷ ಆಯ್ತು ಅಂತ ಗೊತ್ತಾದ ಮೇಲೆ ಯಾವ ಬಾಯಲ್ಲಿ ಮಾತಾಡ್ಲಿ? ಅಣ್ಣನಿಗೆ ಮೊದಲು ಹೇಳಬೇಕಿತ್ತು. ಹೇಳ್ದೆ."

"ಏನಂದ್ರು?"

"'ಕೇಳದೆ ತಂದ ಹೆಣ್ಣು ನಂಗೂ ಬೇಡ' ಅಂದ. ಆಮೇಲೆ 'ನೀನೂ ಬೇಡ' ಅಂದ. ಈಗ ಮನೆ ಬಿಟ್ಟು ಪೇಟೆ ಅಂಗಡೀಲಿ ಏಲಕ್ಕಿ ಮೂಟೆಗಳ ಮಧ್ಯೆ ಮಲಗ್ತೀನಿ."

ಮದುವೆಯಾಗದ ಗಂಡು ವಿಧವೆಯ ಕೈ ಹಿಡಿಯುವುದು ಅವರ ಕಡೆ ಇಲ್ಲದ ಮಾತು. ಅವನು ಏನು ಕಳೆದುಕೊಂಡಿದ್ದಾನೆ, ಇನ್ನೂ ಏನು ಕಳೆದುಕೊಳ್ಳುತ್ತಾನೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಲ್ಲೇ ಇರಿ," ಎಂದು ಹೇಳಿ ಕೋಟೆಯ ಬಾಗಿಲ ಕಡೆ ನಡೆದುಬಿಟ್ಟಳು.

ಹೊತ್ತು ಹೋಯಿತು. ಅವಳು ಬರಲಿಲ್ಲ. ಕೋಟೆಯೊಳಗಿನ ಆಫೀಸಿನ ಜವಾನನೊಬ್ಬ ಬಂದು, "ಯಾರನ್ನ ಕಾಯ್ತಿದ್ದೀರಿ?" ಎಂದು ಕೇಳಿ ಹೋದ. ಸಣ್ಣಸ್ವಾಮಿ ಆನೆಯ ಸೊಂಡಿಲಿಗೆ ಒರಗಿ ಕಣ್ಣು ಮುಚ್ಚಿದ. 'ಸರಿ. ನನಗೆ ಇದೇ ಆಗಬೇಕು.'

"ನಿದ್ದೆನಾ?"

ಕಣ್ಣು ಬಿಟ್ಟ. ಅವಳು ಎದುರಿಗೇ ನಿಂತಿದ್ದಳು. ಏದುಸಿರು. ಕೈಯಲ್ಲಿ ಸಂತೆಯಿಂದ ತಂದ ವೀಳ್ಯದೆಲೆ, ಅಡಿಕೆ.

"ಎರಡೂ ಕೈ ಚಾಚಿ."

"ಇದು... ಗಂಡಿನ ಕಡೆಯವರು ಕೊಡೋದಲ್ವಾ?"

"ಕೊಟ್ಟರಲ್ಲ, ಒಂದು ಮಾತೂ ಕೇಳದೆ! ಈಗ ನಾನು ಕೇಳಿ ಕೊಡ್ತೀನಿ." ಅವಳು ಎಲೆಗಳನ್ನು ಜೋಡಿಸಿಕೊಂಡಳು. "ವಾಲಗ ಇರೋದಿಲ್ಲ. ನಿಮ್ಮತ್ತೆ ಬರೋದಿಲ್ಲ. ನಿಮ್ಮಣ್ಣ ಇನ್ನು ಯಾವತ್ತೂ ಮಾತಾಡದೇ ಇರಬಹುದು. ನನಗೂ ಜನರನ್ನ ನಂಬೋದಕ್ಕೆ ಇನ್ನೂ ದಿನ ಹಿಡಿಯುತ್ತೆ, ನಿಮ್ಮನ್ನೂ ಸೇರಿಸಿ. ಇದೆಲ್ಲ ಗೊತ್ತಿದ್ದೇ ಹಿಡೀತೀರಾ?"

"ಗೊತ್ತಿದ್ದೇ..."

ಅವನು ಎರಡೂ ಕೈ ಚಾಚಿದ. ಅವಳು ಎಲೆಗಳನ್ನು ಇಟ್ಟಳು. ಇಟ್ಟ ಬೆರಳುಗಳನ್ನು ಹಿಂದಕ್ಕೆ ತೆಗೆಯಲಿಲ್ಲ.

ತಲೆ ಎತ್ತಿದರೆ, ಅವನು ಅವಳನ್ನೇ ನೋಡುತ್ತಿದ್ದ.

"ಇನ್ನೂ ನನ್ನನ್ನೇ ನೋಡ್ತಿದೀರಾ?"

"ಆನೆ ನೋಡಿದ್ದಾಯ್ತು," ಎಂದ ಸಣ್ಣಸ್ವಾಮಿ. "ನೀವು ಬರೋವರೆಗೂ ಅದನ್ನೇ ನೋಡ್ತಿದ್ದೆ."