ಹೋಗಿ ಬಾ ಅಂದ ತಪ್ಪಿಗೆ

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ನೆನಪು ಗಟ್ಟಿ. ನಡೆದದ್ದನ್ನೇ ಹೇಳುತ್ತೇನೆ.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾಕ್ಟರಾಗಿರುವ ನನ್ನ ಮಗಳು ವಸುಧಾ, ಉಸಿರು ಬಿಗಿಹಿಡಿದು ಸಮುದ್ರದಾಳಕ್ಕೆ ಮುಳುಗುವುದನ್ನು ಕಲಿಯಲು ಈಜಿಪ್ಟಿನ ಮರಳುಗಾಡಿನ ದಡಕ್ಕೆ ಹೋದಾಗ ನನ್ನನ್ನೂ ಕರೆದೊಯ್ದಳು. ಸುಡುವ ಮಧ್ಯಾಹ್ನ. ಅವಳೂ ಕಲಿಸುವವನೂ ನೀರಿಗಿಳಿದರು; ದಡದಲ್ಲಿ ಕೊಡೆ ಹಿಡಿದು ನಾನೊಬ್ಬಳೇ.

"ಮುಳುಗ್ತೀನಮ್ಮ!"

"ಹಾಗನ್ಬಾರ್ದು ಕಣೇ. ಹೋಗ್ಬರ್ತೀನಿ ಅನ್ನು."

"ಅಯ್ಯೋ, ಸರಿ, ಹೋಗ್ಬರ್ತೀನಿ."

"ಹೋಗಿ ಬಾ" ಅಂದೆ.

ಅವಳ ತಲೆ ನೀರೊಳಗೆ ಹೋದದ್ದೇ ನನ್ನ ಬೆನ್ನು ತಣ್ಣಗಾಯಿತು. ಹಿಂದಿನಿಂದ ಒದ್ದೆ ದನಿಯೊಂದು "ಹೋಗ್ಬರ್ತೀನಿ" ಅಂದಿತು. ಅಭ್ಯಾಸಬಲ, ತಿರುಗಿಯೂ ನೋಡದೆ "ಹೋಗಿ ಬಾ" ಅಂದುಬಿಟ್ಟೆ. ಆಮೇಲೆ ನೋಡಿದರೆ ಬರೀ ಮರಳು. ಆ ದಡದಲ್ಲಿ ಕನ್ನಡದವರು ನಾವಿಬ್ಬರೇ.

ವುಲ್ವರ್‌ಹ್ಯಾಂಪ್ಟನ್ನಿನ ಅವಳ ಮನೆಗೆ ಮರಳಿದ ಮೇಲೆ ದಿನಾ ಬೆಳಿಗ್ಗೆ ಬಾತ್‌ಟಬ್ಬಿನಲ್ಲಿ ಮೊಣಕಾಲುದ್ದ ನೀರು.

"ನಲ್ಲಿ ನಿಲ್ಸೋದು ಮರೀತಿದೀಯಮ್ಮ" ಎಂದ ವಸುಧಾ ನನಗೆ ಮರೆವಿನ ಪರೀಕ್ಷೆ ಗೊತ್ತುಮಾಡಿದಳು.

"ರುಚಿ ನೋಡೇ, ಉಪ್ಪು!"

"ಟಬ್ಬಿನ ನೀರು ಯಾರಮ್ಮ ಕುಡೀತಾರೆ?"

ಪರೀಕ್ಷೆಯ ದಿನ ಬೆಳಿಗ್ಗೆ ಟಬ್ಬಿನ ಮುಂದೆ ನಿಂತೆ. ಬರೀ "ಹೋಗು" ಅನ್ನಬೇಕು, "ಬಾ" ಅನ್ನಬಾರದು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಬಿರಡೆ ಎಳೆದೆ, ಗುಳುಗುಳು ಸದ್ದಾಗಿ ನೀರು ಇಳಿಯಿತು. "ಹೋಗ್ಬರ್ತೀನಿ" ಅಂದಿತು ಅದೇ ಒದ್ದೆ ದನಿ, ಪಾಪ, ಎಷ್ಟು ಮರ್ಯಾದೆಯಿಂದ! ಎಪ್ಪತ್ತೆಂಟು ವರ್ಷದ ನಾಲಿಗೆ, "ಹೋಗಿ ಬಾ" ಅಂದುಬಿಟ್ಟಿತು.

ಪರೀಕ್ಷೆಯಲ್ಲಿ ನನ್ನದು ಒಂದೂ ತಪ್ಪಲಿಲ್ಲ. ಮನೆಗೆ ಬಂದಾಗ ಟಬ್ಬು ತುಂಬಿತ್ತು. ವಸುಧಾ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು, ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಈಗ ಅವಳ ಸ್ನಾನ ಆಸ್ಪತ್ರೆಯಲ್ಲಿ. ಮನೆಯಿಂದ ಹೊರಡುವಾಗ ಕೈ ಬೀಸುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ.