ಕೊನೆಯವರು ಯಾರು?

ತೆಂಗಿನಕಾಯಿಯ ಹೋಳು ಹೆರೆಮಣೆಯ ಹಲ್ಲಿಗೆ ಸಿಕ್ಕಿ ಗರಗರ ಎನ್ನುತ್ತಿರುವಾಗಲೇ ಹಿಂಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ವಾರಿಜಾ ತಲೆಯೆತ್ತಲಿಲ್ಲ. ಠಾಣೆಯ ಕೋಪರಿಯ ಆ ಹೋಟೆಲಿನ ಹಿಂಬಾಗಿಲಿಗೆ ಬರುವವರು ಹಾಲಿನವರು, ಇಲ್ಲವೇ ಬಾಳೆಲೆಯವರು. ಇಬ್ಬರೂ ಚಪ್ಪಲಿ ಬಿಡುವ ಪೈಕಿ ಅಲ್ಲ.

"ಅಕ್ಕ, ನಾನು. ಶೈಲೇಶ್."

ಹೆರೆಯುವ ಕೈ ನಿಂತಿತು.

ಶೈಲೇಶ್ ಘಣಸೋಲಿಯವನು. ಮಹಾಪೆಯ ಒಂದು ಕಂಪನಿಯಲ್ಲಿ ಎಲೆಕ್ಟ್ರಿಶಿಯನ್. ಸೋಲಾರ್ ಪ್ಯಾನೆಲ್ ಕೂರಿಸಲು ಕಂಪನಿ ಕ್ಯೂಬಾ ದೇಶಕ್ಕೆ ಕಳಿಸಿದ ತಂಡದಲ್ಲಿ ಅವನೂ ಇದ್ದ. ಆ ತಂಡಕ್ಕೆ ಅಡುಗೆ ಮಾಡಿ ಹಾಕಲು ಹೋದವರು ಲೀಲಾಧರ. ವಾರಿಜಳ ಮಟ್ಟಿಗೆ ಆ ದೇಶದಲ್ಲಿ ಇದ್ದದ್ದು ಅವರೊಬ್ಬರೇ.

"ಯಾವಾಗ ಬಂದದ್ದು?"

"ಹೋದ ವಾರ, ಅಕ್ಕ. ಇವತ್ತು ರಾತ್ರಿ ಫ್ಲೈಟಿಗೆ ವಾಪಸ್." ಶೈಲೇಶ್ ಚೀಲದಿಂದ ಒಂದು ಪೊಟ್ಟಣ ತೆಗೆದು ಅವಳೆದುರು ಇಟ್ಟ. "ಲೀಲಾಧರಣ್ಣ ಕೊಟ್ಟದ್ದು. ಅಲ್ಲಿಯ ಕಾಫಿಪುಡಿ."

"ಬಟಾಣಿ ಬೆರೆಸಿದ್ದಾ?"

ಅವನು ನಕ್ಕುಬಿಟ್ಟ. "ಬಟಾಣಿಯೇ ಜಾಸ್ತಿ. ನಿಮಗೆ ಹೇಗೆ ಗೊತ್ತು?"

ಅವಳಿಗೆ ಗೊತ್ತಿತ್ತು. ಆ ಊರಿಗೆ ಕರೆಂಟು ಬಂದಾಗಲೆಲ್ಲ ಅವಳ ಫೋನಿಗೆ ಲೀಲಾಧರರ ದನಿಯ ಒಂದು ಮೆಸೇಜು ಬರುತ್ತಿತ್ತು. 'ನಾವು ಕಾಫಿಗೆ ಚಿಕೋರಿ ಹಾಕಿದ ಹಾಗೆ ಇವರು ಬಟಾಣಿ ಹುರಿದು ಹಾಕ್ತಾರೆ ಮಾರಾಯ್ರೆ. ರೇಶನಿನ ಕಾಫಿ. ಪಕ್ಕದ ಮನೆಯ ಮಿರೇಯಾ ಅಜ್ಜಿಗೆ ತಿಂಗಳಿಗೆ ಒಂದೇ ಪೊಟ್ಟಣ. ಅದರಲ್ಲೂ ನಾನು ಮೆಟ್ಟಿಲು ಹತ್ತಿದ್ರೆ ಸಾಕು, ಬೆರಳುದ್ದದ ಲೋಟ ಕೈಗೆ ಇಡ್ತಾರೆ. ಬೇಡ ಅಂದ್ರೆ ಬೈಗುಳ. ಥೇಟ್ ನಿಮ್ಮ ಅಮ್ಮ.'

ಪೊಟ್ಟಣವನ್ನು ಬಿಚ್ಚದೆ ಅವಳು ಮೂಗಿನ ಹತ್ತಿರ ತಂದಳು.

* * *

ಮದುವೆಯಾಗಿ ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗಂಡನನ್ನು ಕಳೆದುಕೊಂಡು ವಾರಿಜಾ ಅಣ್ಣ ಪುಂಡರೀಕಾಕ್ಷನ ಮನೆಗೆ ಬಂದವಳು. ಅಣ್ಣನ ಹೋಟೆಲು, ಅಣ್ಣನ ಮಗಳು ಅನುಷ್ಕಾ, ಹಾಸಿಗೆ ಹಿಡಿದ ಅಮ್ಮ. ಇಷ್ಟರೊಳಗೆ ತಲೆ ಅರ್ಧ ನೆರೆದಿತ್ತು.

ಲೀಲಾಧರ ಆ ಹೋಟೆಲಿನಲ್ಲಿ ದೋಸೆ ಮಾಡುವವರು. ಕಾವಲಿ ಇದ್ದದ್ದು ಹೊರಗೆ, ರಸ್ತೆಯ ಕಡೆಗೆ. ಒಳಗಿನ ಅಡುಗೆಮನೆಗೆ ಅವರು ಕಾಲಿಡುವಂತಿರಲಿಲ್ಲ. ಒಳಗೆ ಉಡುಪಿಯ ನಮ್ಮವರೇ ಬೇಯಿಸಬೇಕು ಎಂಬುದು ಅಣ್ಣ ಅಪ್ಪನಿಂದ ಪಡೆದ ಆಸ್ತಿಗಳಲ್ಲಿ ಒಂದು. ಒಳಗಿಗೂ ಹೊರಗಿಗೂ ನಡುವೆ ಗೋಡೆ, ಗೋಡೆಯಲ್ಲಿ ಒಂದು ಚೌಕದ ಕಿಂಡಿ. ಹಿಟ್ಟು ಆಚೆ ಹೋಗಲು, ಖಾಲಿ ಪಾತ್ರೆ ಈಚೆ ಬರಲು.

ಆ ಕಿಂಡಿಯಲ್ಲಿ ವಾರಿಜಾ ಕಂಡದ್ದು ಅವರ ಮುಖದ ಅರ್ಧವನ್ನು. ಒಂದು ಕಣ್ಣು, ಅರ್ಧ ಮೀಸೆ, ಹೆಗಲ ಮೇಲಿನ ಬೈರಾಸು. ಆ ಒಂದೇ ಕಣ್ಣಿಗೆ ಎಷ್ಟು ತುಂಟತನವಿತ್ತೆಂದರೆ, ಇನ್ನೊಂದನ್ನೂ ಕಂಡಿದ್ದರೆ ತನ್ನ ಗತಿಯೇನಾಗುತ್ತಿತ್ತೋ ಎಂದು ಅವಳು ಒಬ್ಬಳೇ ನಗುವುದಿತ್ತು.

ರಾತ್ರಿ ಕಾವಲಿ ಆರಿಸುವ ಮೊದಲು ಅವರು ಸಟ್ಟುಗದಿಂದ ಕಾವಲಿಯ ಅಂಚಿಗೆ ಟಣ್ ಎಂದು ಬಡಿದು ಕೂಗುತ್ತಿದ್ದರು.

"ಕೊನೆಯವರು ಯಾರು?"

"ನಾನು," ಅನ್ನುತ್ತಿದ್ದಳು ಒಳಗಿನಿಂದ.

ಪಾತ್ರೆಯ ತಳದ ಹಿಟ್ಟು ಕೆರೆದು ಹೊಯ್ದ, ಅಂಗೈಯಗಲದ ಗರಿಗರಿ ದೋಸೆ ಕಿಂಡಿಯಿಂದ ಬರುತ್ತಿತ್ತು. "ತಗೊಳ್ಳಿ ವಾರಿಜಕ್ಕ. ಇದಕ್ಕೆ ಬಿಲ್ಲಿಲ್ಲ."

"ಉಪ್ಪೂ ಇಲ್ಲ."

"ನೀವೇ ಅರೆದ ಹಿಟ್ಟು. ದೂರು ಹೇಳುವುದಾದರೆ ಕನ್ನಡಿಗೆ ಹೇಳಿ."

ಇಷ್ಟೇ. ವರ್ಷಗಟ್ಟಲೆ ಇಷ್ಟೇ.

ಕ್ಯೂಬಾಕ್ಕೆ ಹೊರಡುವ ಹಿಂದಿನ ದಿನ ದೋಸೆಯ ತಟ್ಟೆಯನ್ನು ಅವರು ಕಿಂಡಿಯಲ್ಲಿ ಹಿಡಿದವರು ಬಿಡಲಿಲ್ಲ. "ವಾರಿಜಾ," ಎಂದರು. ಅಕ್ಕ ಎಂಬುದು ಅಂದು ಮೊದಲ ಸಲ ಬಿಟ್ಟುಹೋಯಿತು. "ಎರಡು ವರ್ಷದ ಕೆಲಸ. ಬಂದ ಮೇಲೆ ನಾವಿಬ್ಬರು ಒಂದು ಮನೆ ಮಾಡುವನಾ?"

ತಟ್ಟೆಯ ಈಚೆ ಅಂಚು ಅವಳ ಕೈಯಲ್ಲಿತ್ತು. ಒಳಕೋಣೆಯಿಂದ ಅಮ್ಮ ನರಳಿದ್ದು ಕೇಳಿಸಿತು.

"ಅಮ್ಮ ಇದ್ದಾರಲ್ಲ," ಎಂದಳು.

"ಹಾಗಾದರೆ ನಾನು ಅಮ್ಮನ ಹಿಂದೆ," ಎಂದು ಅವರು ತಟ್ಟೆ ಬಿಟ್ಟರು.

* * *

ಅಲ್ಲಿಂದ ಬಂದ ಮೊದಲ ದನಿಯನ್ನು ಅವಳು ಅಮ್ಮನ ಹಾಸಿಗೆಯ ಪಕ್ಕ ಕೂತು, ಫೋನನ್ನು ಕಿವಿಗೊತ್ತಿ ಕೇಳಿದ್ದಳು.

'ವಾರಿಜಾ, ಹವಾನಾದಲ್ಲಿ ಇಳಿದಾಗ ಊರಿಡೀ ಕತ್ತಲೆ. ಯಾರೋ ದೊಡ್ಡವರು ತೀರಿಕೊಂಡದ್ದಾ ಅಂತ ಕೇಳಿದೆ. ಅಲ್ಲವಂತೆ, ದಿನಾ ಹೀಗೆಯಂತೆ. ಜನ ಮನೆಯ ಹೊರಗೆ ಕುರ್ಚಿ ಹಾಕಿ ಕೂತಿದ್ದಾರೆ. ಮೊಬೈಲ್ ಟಾರ್ಚ್ ಇಟ್ಟುಕೊಂಡು ಡೊಮಿನೊ ಆಡ್ತಾರೆ, ಜಗಳಾಡ್ತಾರೆ, ನಗ್ತಾರೆ. ರೇಶನ್ ಅಂಗಡಿ ನೋಡಿದರೆ ನಮ್ಮ ಕೋಪರಿಯದ್ದೇ. ಅದೇ ತಕ್ಕಡಿ, ಅದೇ "ಅಕ್ಕಿ ನಾಳೆ ಬರ್ತದೆ". ಉದ್ದು ಕಾಣಲಿಕ್ಕೇ ಇಲ್ಲ. ಕಪ್ಪು ಬೀನ್ಸ್ ನೆನೆಸಿ ದೋಸೆಗೆ ಅರೆದೆ. ಬಣ್ಣ ಮಾತ್ರ ಕೇಳಬೇಡಿ.'

ಎರಡನೆಯದರಲ್ಲಿ ನಗು ಹೆಚ್ಚಿತ್ತು.

'ಇವತ್ತು ಮರ್ಯಾದೆ ಹೋಯ್ತು ಮಾರಾಯ್ರೆ. ಬ್ರೆಡ್ಡಿಗೆ ಹೋದೆ. ಬಾಗಿಲಲ್ಲಿ ಒಬ್ಬನೇ ಇದ್ದ. ನನಗೆ ಠಾಣೆ ಸ್ಟೇಶನ್ನಿನ ಅಭ್ಯಾಸ ಅಲ್ವಾ, ಅವನ ಬೆನ್ನಿಗೆ ಅಂಟಿ ನಿಂತೆ. ಉಳಿದವರು ಮರದ ಕೆಳಗೆ, ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡಿ ನಗ್ತಾ ಇದ್ದಾರೆ. ಇವರಿಗೆ ಬೇರೆ ಕೆಲಸ ಇಲ್ಲ ಅಂದುಕೊಂಡೆ. ನೋಡಿದರೆ ಅವರೇ ಕ್ಯೂ! ಬಿಸಿಲಲ್ಲಿ ಬೆಂದು ಬಾಗಿಲು ಮುಟ್ಟುವಾಗ ಬ್ರೆಡ್ ಮುಗಿದಿತ್ತು. ಆಮೇಲೆ ಮಿರೇಯಾ ಅಜ್ಜಿ ಕೈ ಹಿಡಿದು ಕಲಿಸಿದರು. ಬಂದ ಕೂಡಲೇ ಗಟ್ಟಿಯಾಗಿ ಕೇಳಬೇಕಂತೆ, ಕೊನೆಯವರು ಯಾರು ಅಂತ. ಒಬ್ಬರು ಕೈ ಎತ್ತುತ್ತಾರೆ. ನೀವು ಅವರ ಹಿಂದೆ. ಆ ಮುಖ ನೆನಪಿಟ್ಟುಕೊಂಡರೆ ಸಾಕು, ಎಲ್ಲಿ ಬೇಕಾದರೂ ಹೋಗಿ ಕೂರಬಹುದು. ಮಧ್ಯೆ ಬಿಟ್ಟು ಹೋಗುವುದಾದರೆ ಮಾತ್ರ ನಿಮ್ಮ ಹಿಂದಿನವರಿಗೆ ಹೇಳಿಯೇ ಹೋಗಬೇಕು. ಹೇಳದೆ ಹೋದರೆ ಅಜ್ಜಿ ಪ್ರಕಾರ ಅದು ಕಳ್ಳತನ. ಕೊನೆಯವರು ಯಾರು ಅಂತ ಈ ಊರಿಡೀ ಬೆಳಗಿನಿಂದ ನಿಮ್ಮನ್ನೇ ಕೇಳ್ತದೆ, ವಾರಿಜಾ.'

ಅಮ್ಮ ಆ ಮಳೆಗಾಲದಲ್ಲಿ ತೀರಿಕೊಂಡರು. ಸುಲಭದ ಸಾವಲ್ಲ. ಬೆನ್ನಿನ ಹುಣ್ಣು ತೊಳೆದು ತೊಳೆದು ವಾರಿಜಳ ಉಗುರಿಗೆ ಡೆಟಾಲಿನ ವಾಸನೆ ಹತ್ತಿಬಿಟ್ಟಿತ್ತು. ಕೊನೆಗೆ ಚಮಚದ ಗಂಜಿಯೂ ಒಳಗಿಳಿಯಲಿಲ್ಲ.

'ಉತ್ತರ ಫೋನಲ್ಲಿ ಬೇಡ,' ಎಂದಿದ್ದರು ಲೀಲಾಧರ. 'ಇಲ್ಲಿ ಲೈನು ಯಾವಾಗ ಕಟ್ಟಾಗ್ತದೆ ಹೇಳಲಿಕ್ಕಾಗುವುದಿಲ್ಲ. ನೀವು ಆಗಬಹುದು ಅನ್ನಲಿಕ್ಕೆ ಹೊರಟು ಅರ್ಧಕ್ಕೇ ನಿಂತರೆ ನಾನು ಉಳಿದರ್ಧಕ್ಕೆ ಎಲ್ಲಿಗೆ ಹೋಗಲಿ? ಕಾಗದ ಬರೆಯಿರಿ.'

ಅವಳು ಬರೆದಳು. ಅಮ್ಮನ ಕಾರ್ಯ ಮುಗಿದ ಮಧ್ಯಾಹ್ನವೇ ಬರೆದಳು. ಆಗಬಹುದು ಎಂದೇ ಬರೆದಳು. ಆಮೇಲೆ ಅನುಷ್ಕಾಳ ಮದುವೆ ಗೊತ್ತಾಯಿತು. ವಿಧವೆ ಅತ್ತೆ ಹೋಟೆಲಿನ ದೋಸೆಯವನೊಡನೆ ಹೋಗುತ್ತಾಳೆಂದರೆ ಬೀಗರು ಏನೆಂದಾರು? ಕಾಗದ ಗ್ಯಾಸಿನ ಪುಸ್ತಕದೊಳಗೆ ಹೋಯಿತು. ಮದುವೆ ಮುಗಿಯಿತು. ಆಗ ತಡೆಯುವವರು ಯಾರೂ ಇರಲಿಲ್ಲ. ಆದರೆ ಕಾಯುವುದು ಅಷ್ಟರಲ್ಲಿ ಅವಳ ಮೈಗೆ ಒಗ್ಗಿಹೋಗಿತ್ತು. ನಾಳೆ ಕಳಿಸಿದರಾಯಿತು.

ಹೋದ ತಿಂಗಳಿಂದ ಫೋನಿಗೆ ದನಿ ಬಂದಿರಲಿಲ್ಲ.

* * *

"ಹೇಗಿದ್ದಾರೆ?" ಎಂದಳು ಈಗ, ಕಾಫಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು.

ಶೈಲೇಶ್ ನೆಲ ನೋಡಿದ. "ಇದ್ದಾರೆ ಅಕ್ಕ."

"ಇದ್ದಾರೆ ಅಂದರೆ?"

"ಒಂದು ಮಾತು ಹೇಳ್ಲಿಕ್ಕೆ ಕಳಿಸಿದ್ದಾರೆ. ನಾನು ಕ್ಯೂ ಬಿಟ್ಟೆ ಅಂತ ವಾರಿಜಳಿಗೆ ಹೇಳು, ಹೇಳದೆ ಹೋಗಬಾರದು ಅಂತ. ಮತ್ಲಬ್ ನನಗೆ ಕುಛ್ ಸಮಝಾ ನಹೀಂ, ಏನೂ ಅರ್ಥ ಆಗ್ಲಿಲ್ಲ."

ಅವಳಿಗೆ ತಿಳಿಯಿತು. ಬೆರಳುಗಳು ತೆಂಗಿನ ಚಿಪ್ಪನ್ನು ಹಿಡಿದೇ ಇದ್ದವು.

"ಯಾಕಂತೆ?"

"ಅಲ್ಲಿ ಸೊಳ್ಳೆ ಜ್ವರ, ಅಕ್ಕ. ಚಿಕೂನ್‌ಗುನ್ಯಾ. ಜ್ವರ ಹೋಯ್ತು, ಕೈ ಹಾಗೇ ಉಳೀತು. ಇಷ್ಟು ದಪ್ಪ ಊದಿದೆ ಗೆಣ್ಣು. ಸಟ್ಟುಗ ಹಿಡಿಯಲಿಕ್ಕಾಗುದಿಲ್ಲ. ಶರ್ಟಿನ ಬಟನ್ ನಾನು ಹಾಕಿ ಕೊಡ್ತಿದ್ದೆ. ಮಾತ್ರೆ ಅಲ್ಲಿ ಸಿಗುದಿಲ್ಲ, ಇಲ್ಲಿಂದ ತಗೊಂಡು ಹೋಗ್ತಾ ಇದ್ದೇನೆ. ಡಾಕ್ಟರು ಸರಿ ಆಗ್ಲೂಬಹುದು ಅಂತಾರೆ, ಆಗದೆಯೂ ಇರಬಹುದು ಅಂತಾರೆ. ಈಗ ಅನ್ನ ಬೇಯಿಸುದು ಮಿರೇಯಾ ಅಜ್ಜಿ. ಇನ್ನೊಂದು ಹೇಳಿದ್ರು. ಅಮ್ಮನ ಮಂಚ ಎತ್ತಿದ ಜಾಗದಲ್ಲಿ ಇನ್ನೊಂದು ಮಂಚ ಹಾಕಬಾರದು ಅಂತ."

ಆ ಮಾತಿಗೆ ವಾರಿಜಳ ಎದೆಯಲ್ಲಿ ಏನೋ ಹಗುರಾಯಿತು. ಒಂದೇ ಕ್ಷಣ. ಇನ್ನು ಯಾರ ಬೆನ್ನನ್ನೂ ತೊಳೆಯಬೇಕಾಗಿಲ್ಲ, ಯಾರ ಬಾಯಿಗೂ ಚಮಚ ಹಿಡಿಯಬೇಕಾಗಿಲ್ಲ. ಅದು ಹಗುರವೇ ಎಂದು ಗುರುತು ಸಿಕ್ಕಿದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಪುಂಡರೀಕಾಕ್ಷ ಯಾವಾಗಲೋ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಕಿಂಡಿಯಲ್ಲಿ ಆಡಿದ ಮಾತು ಅವನಿಗೂ ಎಂದೋ ತಿಳಿದಿತ್ತು. "ಅವನೇ ಬಿಟ್ಟನಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಖುಷಿಯೂ ಇರಲಿಲ್ಲ. "ಒಳ್ಳೆಯ ಮನುಷ್ಯ. ತಾನೇ ಅರ್ಥ ಮಾಡಿಕೊಂಡ. ಬೇಗ ಕಾಯಿ ಹೆರಿ ಮಾರಾಯ್ತಿ, ಚಟ್ನಿಗೆ ಹೊತ್ತಾಯ್ತು."

ವಾರಿಜಾ ಎದ್ದಳು. ಕೈ ತೊಳೆದಳು. ಗ್ಯಾಸಿನ ಪುಸ್ತಕ ತೆಗೆದು ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಎಲ್ಲಿಗೆ?"

"ಸ್ಟೇಶನ್ನಿಗೆ. ಇವನನ್ನು ಬಿಟ್ಟು ಬರ್ತೇನೆ."

"ಚಟ್ನಿ?"

"ಅರ್ಧ ಕಾಯಿ ಹೆರೆದಾಗಿದೆ, ಅಣ್ಣ. ಉಳಿದದ್ದು ನೀನು ಹೆರೆ."

ಪುಂಡರೀಕಾಕ್ಷ ಹೆರೆಮಣೆಯನ್ನು ನೋಡಿದ. ಅದನ್ನು ಈ ಮೊದಲು ಎಂದೂ ನೋಡಿರದವನ ಹಾಗೆ.

* * *

ಘಣಸೋಲಿಗೆ ಹೋಗುವ ಪನವೇಲ್ ಗಾಡಿ ಇನ್ನೂ ಬಂದಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವಳು ಶೈಲೇಶನ ಪೆನ್ನು ಕೇಳಿ ತೆಗೆದುಕೊಂಡಳು. ಲಕೋಟೆಗೆ ಅಂಟು ಹಾಕಿರಲಿಲ್ಲ. ಹಳೆಯ ಅಕ್ಷರಗಳ ಕೆಳಗೆ ಜಾಗವಿತ್ತು.

ಸೀರೆಗೆ ಅಂಟಿದ್ದ ಕಾಯಿತುರಿಯನ್ನು ಕೊಡವುತ್ತ ಯೋಚಿಸಿದಳು. ಆ ಊದಿದ ಗೆಣ್ಣುಗಳಿಗೆ ಎಣ್ಣೆ ತಿಕ್ಕಬೇಕಾದೀತು. ತುತ್ತು ಕಲಸಿ ಕೊಡಬೇಕಾದೀತು. ಕೆಲವು ರಾತ್ರಿ ಬೇಸರವೂ ಬಂದೀತು, ಅಮ್ಮನ ಮೇಲೆ ಬಂದ ಹಾಗೆ. ಎಲ್ಲವೂ ಗೊತ್ತಿರುವ ಕೆಲಸ. ಗೊತ್ತಿಲ್ಲದ್ದು ಒಂದೇ, ಅವರ ಮುಖದ ಉಳಿದರ್ಧವನ್ನು ಹತ್ತಿರದಿಂದ ದಿನಾ ನೋಡುವುದು.

ಬರೆದಳು.

'ನೀವು ಕ್ಯೂ ಬಿಟ್ಟ ಸುದ್ದಿ ಮುಟ್ಟಿತು. ಇಷ್ಟು ದಿನ ನೀವು ನನ್ನ ಹಿಂದೆ ಇದ್ದೀರಿ ಎಂದು ತಿಳಿದಿದ್ದೆ. ಅಲ್ಲ, ನಾನೇ ನಿಮ್ಮ ಹಿಂದೆ. ಅದಕ್ಕೇ ನೀವು ನನಗೆ ಹೇಳಿ ಕಳಿಸಿದ್ದು. ಹಿಂದಿನವಳಾಗಿ ಹೇಳುತ್ತೇನೆ, ನಿಮ್ಮ ಜಾಗ ಹಿಡಿದು ಕೂತಿದ್ದೇನೆ. ಬಂದು ತೆಗೆದುಕೊಳ್ಳಿ. ಮಂಚ ಹಾಕಲು ನನಗೆ ಬೇರೆ ಜಾಗ ಬೇಕು, ಕಿಂಡಿಯಿಲ್ಲದ್ದು.'

ಮಡಚಿ ಕೊಟ್ಟಳು. ಶೈಲೇಶ್ ಲಕೋಟೆಯನ್ನು ತಿರುಗಿಸಿ ನೋಡಿದ. "ನನಗೆ ಕನ್ನಡ ಓದಲಿಕ್ಕೆ ಬರುದಿಲ್ಲ ಅಕ್ಕ. ಬೇಕಾದ್ರೆ ಫೋಟೋ ಹೊಡೆದು ಕಳಿಸಲಾ? ನೆಟ್‌ವರ್ಕ್ ಬಂದಾಗ ಸಿಗ್ತದೆ."

"ಬೇಡ. ಕಾಗದವೇ ಹೋಗಲಿ. ಅವರು ಕೇಳಿದ್ದು ಅದನ್ನೇ." ಆಮೇಲೆ ಅವಳ ದನಿ ಸಣ್ಣದಾಯಿತು. "ಆ ಕೈಯಲ್ಲಿ ಕಾಗದ ಹಿಡಿಯಲಿಕ್ಕೆ ಆದೀತಾ ಮಾರಾಯ?"

ಗಾಡಿ ಬಂತು. ಜನ ನುಗ್ಗಿದರು. ಶೈಲೇಶ್ ಲಕೋಟೆಯನ್ನು ಚೀಲಕ್ಕೆ ಹಾಕದೆ ಶರ್ಟಿನ ಒಳಗೆ, ಬನಿಯನ್ನಿಗೆ ತಾಗುವಂತೆ ಇಟ್ಟುಕೊಂಡ.

"ನಾನು ಹಿಡೀತೇನೆ ಅಕ್ಕ," ಎಂದ, ಬಾಗಿಲ ಕಂಬಿಗೆ ಜೋತುಬೀಳುತ್ತ. "ಅವರು ಓದಲಿ."

ಗಾಡಿ ಹೊರಟಿತು. ವಾರಿಜಾ ಕೈ ಎತ್ತಿದಳು. ಬೀಳ್ಕೊಡುವವರಂತೆ ಬೀಸಲಿಲ್ಲ. ಕೊನೆಯವರು ಯಾರೆಂದು ಯಾರೋ ಕೇಳಿದ್ದಕ್ಕೆ ತೋರಿಸುವವಳಂತೆ, ಎತ್ತಿ ಹಿಡಿದುಕೊಂಡೇ ನಿಂತಳು.