ನಾಲ್ಕನೇ ಜ್ವರ

"ನಾಲ್ಕನೇ ಜ್ವರ ಅಂದ್ರೇನಮ್ಮ?"

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು. ಕೇಳುವಾಗ ಅವರ ಕಣ್ಣು ಎದುರಿಗಿದ್ದ ಹುಡುಗಿಯ ಮೇಲಿರಲಿಲ್ಲ; ಮೇಜಿನ ಮೇಲಿದ್ದ ಕಾಫಿ ಲೋಟದ ಮೇಲಿತ್ತು.

ಹುಡುಗಿಯ ಹೆಸರು ಅಮ್ಮಾಜಿ. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಗಳೆಲ್ಲ ಕಿವಿಯ ಪಕ್ಕದಲ್ಲೇ ಹಾರಿಹೋಗಿದ್ದವು. ಈಗ ಒಂದು, ತನ್ನ ಮನೆಯದೇ ಮಾತು! ಅವಳ ಮುಖ ಅರಳಿತು.

"ನಿದ್ದೆ ಸಾರ್! ತಲೆ ಮೇಲಕ್ಕೆತ್ಕೊಂಡು ಮಲಗ್ತವೆ. ಅಲುಗಾಡಿಸಬಾರದು. ಎದ್ದಮೇಲೆ ಸೊಪ್ಪು ಹಾಕಿದಷ್ಟೂ ತಿಂತವೆ..."

ಪರೀಕ್ಷಕರು ನಕ್ಕರು. ಅವರು ನಕ್ಕಿದ್ದನ್ನು ನೋಡಿ, ಪಕ್ಕದಲ್ಲಿ ಬಿಳಿ ಕೋಟು ತೊಟ್ಟು ನಿಂತಿದ್ದ ಯುವಕನೂ ನಕ್ಕ. ನಕ್ಕು ಸುಮ್ಮನಾಗಲಿಲ್ಲ.

"ರೋಗಿಗೆ ಸೊಪ್ಪು ಹಾಕ್ತೀರೇನಮ್ಮಾ?"

ಬಾಗಿಲಲ್ಲಿ ಸರದಿಗೆ ಕಾದಿದ್ದವರೂ ನಕ್ಕರು. ಅಮ್ಮಾಜಿ ಆ ಯುವಕನನ್ನು ನೆಟ್ಟಗೆ ನೋಡಿದಳು. ಜೀವಮಾನದಲ್ಲಿ ಯಾರನ್ನಾದರೂ ಅಷ್ಟು ಹೇಸಿಗೆಯಿಂದ ನೋಡಿದ್ದು ಅದೇ ಮೊದಲು!

ಅಮ್ಮಾಜಿಯ ಊರಾದ ಕೆಂಚಾರ್ಲಹಳ್ಳಿಯ ಹೆಂಗಸರು ಈ ಕಥೆ ಹೇಳುವಾಗ ಇಲ್ಲಿಗೆ ಬಂದೊಡನೆ ಎಲೆಯಡಿಕೆಯನ್ನು ಉಗುಳಿ, ಆಮೇಲೆ ಮುಂದುವರಿಯುತ್ತಾರೆ.

ಅವಳ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಮೇವು ಬಿಟ್ಟು ಮಲಗುತ್ತದೆ, ಪೊರೆ ಕಳಚಿ ಏಳುತ್ತದೆ. ಆ ಮಲಗುವಿಕೆಗೆ ಈ ಸೀಮೆಯ ಹುಳುಮನೆಗಳಲ್ಲಿ ಜ್ವರವೆಂದೇ ಹೆಸರು. ಮಾತಿಗೆ ಮೊದಲು ಹುಳುವಿನ ಜ್ವರ ಕಲಿತ ಮನೆಯ ಮಗಳು ಅವಳು. ಪರೀಕ್ಷಕರು ಕೇಳಿದ್ದಾದರೋ ನಾಲ್ಕನೇ ದಿನಕ್ಕೆ ಮರಳಿ ಬರುವ ಮಲೇರಿಯಾದ ಒಂದು ಬಗೆ. ಅದರ ಇಂಗ್ಲಿಷ್ ಹೆಸರನ್ನು ತಾವೇ ಮುರಿದು, ತಾವೇ ಕನ್ನಡವಾಗಿಸಿ, ಹಳ್ಳಿಯ ಹುಡುಗಿಗೆ ದೊಡ್ಡ ಉಪಕಾರ ಮಾಡಿದೆವೆಂಬ ಗತ್ತಿನಲ್ಲಿ ಎಸೆದಿದ್ದರು.

ಅಮ್ಮಾಜಿ ಫೇಲಾದಳು.

ಇದು ನಡೆದದ್ದು ಅರವತ್ತರ ದಶಕದ ಮೊದಲಲ್ಲಿ. ಊರೂರಿನಲ್ಲಿ ಮಲೇರಿಯಾದವರು ಗೋಡೆಗೆ ಔಷಧಿ ಹೊಡೆಯುತ್ತಿದ್ದ ಕಾಲ. ರಕ್ತ ನೋಡುವವರು ಬೇಕೆಂದು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಪ್ರಯೋಗಾಲಯದ ತರಬೇತಿ ನಡೆಯುತ್ತಿತ್ತು. ಅಮ್ಮಾಜಿಯ ತಂದೆ ಆವಲಪ್ಪ ಮಗಳನ್ನು ಕಳಿಸುವಾಗ ಒಂದೇ ಮಾತು ಹೇಳಿದ್ದರು: "ಎರಡು ಸಲ ನೋಡ್ತೀನಿ ಕಣಮ್ಮ. ಎರಡನೇ ಸಲವೂ ಹೋದ್ರೆ, ನಿನ್ನ ಮಾವ ಕೋನಪ್ಪ ಕಾಯ್ಕೊಂಡವ್ನೆ."

ಕೋನಪ್ಪ ಅವಳ ತಾಯಿಯ ತಮ್ಮ. ಅಕ್ಕನ ಮಗಳು ತನಗೆಂದೇ ಹುಟ್ಟಿದವಳೆಂದು ನಂಬಿದವನು. ಅವಳು ಫೇಲಾದ ಸುದ್ದಿ ಕೇಳಿ ಚಿಂತಾಮಣಿಯಿಂದ ಜಿಲೇಬಿ ತಂದು ಹಂಚಿದ.

"ಹೆಂಗಸಿಗೆ ಭೂತಗನ್ನಡಿ ಯಾಕಕ್ಕಾ? ಅಕ್ಕೀಲಿ ಕಲ್ಲು ಆರಿಸೋಕಾ?"

ಇನ್ನು ಆ ಬಿಳಿ ಕೋಟಿನವನು. ಅವನ ಕೋಟಿನ ಜೇಬಿನಲ್ಲಿ ಎರಡು ಪೆನ್ನಿದ್ದವೆಂದು ಶಿಡ್ಲಘಟ್ಟದವರು ಹೇಳುತ್ತಾರೆ, ಮೂರೆಂದು ಕೈವಾರದವರು. ಒಳಗಿದ್ದವನ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತರಬೇತಿಯವರಿಗೆ ಕಲಿಸುತ್ತಿದ್ದವನು, ಗೌರಿಬಿದನೂರಿನ ಮೇಷ್ಟರ ಮಗ. ಬೆಂಗಳೂರಿನ ಹಾಸ್ಟೆಲಿನಲ್ಲಿ ಬೆಳೆದವನು. ತಂದೆ ಇಟ್ಟ ಹೆಸರು ಚೆನ್ನರಾಯಪ್ಪ. ಅದು ಕೋಟಿಗೆ ಒಪ್ಪುವುದಿಲ್ಲವೆಂದು ಹಿಂದು ಮುಂದು ಕತ್ತರಿಸಿ, ಮಿಸ್ಟರ್ ರಾಯ್ ಎಂದು ಕರೆಸಿಕೊಳ್ಳುತ್ತಿದ್ದ. ಜೀವಂತ ರೇಷ್ಮೆಹುಳುವನ್ನು ಒಮ್ಮೆಯೂ ಕಂಡವನಲ್ಲ. ಅವನು ನಕ್ಕಿದ್ದೇಕೆ ತಪ್ಪೆಂದು ಆಸ್ಪತ್ರೆಯಲ್ಲಿ ಗುಡಿಸುವವಳಿಗೂ ತಿಳಿದಿತ್ತು. ಹೇಳಬೇಕೆಂದು ಮಾತ್ರ ಯಾರಿಗೂ ಅನಿಸಲಿಲ್ಲ. ರಾಯ್ ಸಾಹೇಬರಿಗೆ ತಿಳಿಯದ್ದೂ ಒಂದಿದೆಯೆಂದು ಹೇಳುವುದುಂಟೇ!

ಅಮ್ಮಾಜಿಯಂತೂ ಹೇಳಲಿಲ್ಲ. 'ಕೇಳದೆ ನಕ್ಕವನಿಗೆ ಹೇಳೋದೇನಿದೆ?'

ಮರುಪರೀಕ್ಷೆಗೆ ಅವಳು ಓದತೊಡಗಿದಳು. ಇಂಗ್ಲಿಷ್ ಪುಸ್ತಕದ ಒಂದು ಪುಟ ದಾಟುವುದು ತುಂಬಿದ ಹೊಳೆ ದಾಟಿದಂತೆ. ಗಾಜಿನ ಮೇಲೆ ರಕ್ತದ ಹನಿಯನ್ನು ತೆಳುವಾಗಿ ಎಳೆಯಲು ಹೋದರೆ ಒಂದು ದಿನ ದಪ್ಪ, ಇನ್ನೊಂದು ದಿನ ಹರಕು. ಬಣ್ಣ ಹಚ್ಚಿದರೆ ಕಣಗಳೆಲ್ಲ ನೇರಳೆಹಣ್ಣಿನ ರಸದಲ್ಲಿ ಮುಳುಗಿದಂತೆ! ಎಷ್ಟೋ ಸಂಜೆ ಅವಳು ನಲ್ಲಿಯ ನೀರು ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತಳು.

ಬೆಳಗಾದರೆ ಆ ಕೋಟು ಹಾಜರು.

"ಏನಮ್ಮಾ, ಇವತ್ತು ಎಷ್ಟನೇ ಜ್ವರ?"

"ನಿಮ್ಮನ್ನ ನೋಡಿದ್ಮೇಲೆ ಬಂದಿದ್ದು ಸಾರ್. ಲೆಕ್ಕ ಇಟ್ಟಿಲ್ಲ."

"ನಾಲಿಗೆ ಚೂಪಾಗಿದೆ. ತಲೇನೂ ಹಾಗೇ ಇದ್ರೆ ಹೇಳಿ, ಬಿಳಿ ರಕ್ತಕಣಗಳಲ್ಲಿ ಎಷ್ಟು ಬಗೆ?"

"ಐದು."

"ಹೆಸರು?"

ಅವನ ಮುಖಕ್ಕೆ ಎಸೆದಂತೆ ಅವಳು ಐದೂ ಹೆಸರು ಎಸೆದಳು. ಮರುದಿನ ಇನ್ನೊಂದು ಕುಹಕ, ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆ. ಅವನೆದುರು ತಡವರಿಸುವುದಕ್ಕಿಂತ ಸಾಯುವುದು ಲೇಸೆಂದುಕೊಂಡು ಅವಳು ಮೊದಲಿಗಿಂತ ಹೆಚ್ಚು ಓದಿಕೊಂಡು ಬಂದಳು. ಒಂದು ದಿನ ಅವನು ಅವಳ ಗಾಜನ್ನು ಬೆಳಕಿಗೆ ಹಿಡಿದು ನೋಡಿದ.

"ಕೈ ನಡುಗ್ತಿದೆ. ಹನಿ ಒಣಗೋದಕ್ಕೆ ಮುಂಚೆ ಒಂದೇ ಎಳೆತಕ್ಕೆ ಎಳೀಬೇಕು. ಯೋಚನೆ ಮಾಡ್ತಾ ಎಳೆದ್ರೆ ಹರಿಯುತ್ತೆ."

ಕುಹಕವಿಲ್ಲದ ಅವನ ಮೊದಲ ಮಾತು! ಅವಳು ತಲೆಯೆತ್ತುವಷ್ಟರಲ್ಲಿ ಅವನು ಹೊರಟುಹೋಗಿದ್ದ. 'ಇವನಿಗೇನು ಬಂತು?' ಎಂದುಕೊಂಡಳು. ಆ ಗಾಜನ್ನು ಮಾತ್ರ ತೊಳೆಯಲಿಲ್ಲ. ಏಕೆಂದು ತನ್ನನ್ನೂ ಕೇಳಿಕೊಳ್ಳಲಿಲ್ಲ...

ಮರುಪರೀಕ್ಷೆ ಹತ್ತಿರ ಬಂದಾಗ ಊರಿನಿಂದ ಕರೆ ಬಂತು. ಹುಳು ಕೊನೆಯ ನಿದ್ದೆಗೆ ಕೂರುವ ಹೊತ್ತು, ಮನೆಯಲ್ಲಿ ಕೈ ಸಾಲದು. ಅಮ್ಮಾಜಿ ಪುಸ್ತಕವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಹೇಳಿದ ದಿನ ತಿರುಗಿ ಬರಲಿಲ್ಲ. ಅವಳ ಬದಲು ಬಂದವನು ಚಿಂತಾಮಣಿಯ ಬಸ್ಸಿನ ಕಂಡಕ್ಟರ್.

"ಆವಲಪ್ಪನ ಮಗಳು ಹೇಳಿ ಕಳಿಸವ್ಳೆ ಸಾರ್. ನಾಲ್ಕನೇ ಜ್ವರಕ್ಕೆ ಕೂತವಂತೆ, ಮನೆ ತುಂಬ. ನಾಳೆ ಎದ್ರೆ ಬರ್ತಾಳಂತೆ. ಪರೀಕ್ಷೆ ನಾಡಿದ್ದಲ್ವಾ?"

ಕಂಡಕ್ಟರ್ ಬೀಡಿ ಹಚ್ಚಿಕೊಂಡು ಹೋದ. ರಾಯ್ ನಿಂತಲ್ಲೇ ನಿಂತ.

ನಾಲ್ಕನೇ ಜ್ವರ. ಮನೆ ತುಂಬ. ಎದ್ದರೆ ಬರ್ತಾಳೆ!

ಎದ್ದರೆ...

ದಿನವೂ ಹತ್ತಾರು ಜನರ ಜ್ವರವನ್ನು ಗಾಜಿನ ಮೇಲೆ ನೋಡಿ ನಿರ್ವಿಕಾರವಾಗಿ ಬರೆದುಕೊಳ್ಳುತ್ತಿದ್ದ ಆ ಮಹಾಶಯ ಪ್ರಯೋಗಾಲಯಕ್ಕೆ ಓಡಿದ. ಸೂಜಿ, ಗಾಜು, ಸ್ಪಿರಿಟ್ಟಿನ ಸೀಸೆ, ಮಾತ್ರೆಗಳನ್ನು ಚೀಲಕ್ಕೆ ತುಂಬಿದ. ಕೋಟು ಕಳಚುವುದನ್ನೂ ಮರೆತು ಬಸ್ಸು ಹತ್ತಿದ.

ಕೆಂಚಾರ್ಲಹಳ್ಳಿಯಲ್ಲಿ ಇಳಿದಾಗ ಹೊತ್ತು ಇಳಿಮುಖವಾಗಿತ್ತು. ಆವಲಪ್ಪನ ಮನೆಯ ಹೊಸ್ತಿಲಲ್ಲಿ ಅಮ್ಮಾಜಿಯ ತಾಯಿ ಓಬಳಮ್ಮ ಎರಡೂ ಕೈ ಅಡ್ಡ ಹಿಡಿದು ನಿಂತರು.

"ಅಯ್ಯೋ ದೇವುಡಾ! ನಿಲ್ಲಪ್ಪಾ, ಅಲ್ಲೇ ನಿಲ್ಲು! ಏನದು ನಾತ? ಆ ವಾಸನೆ ಇಟ್ಕೊಂಡು ಒಳಗೆ ಬಂದ್ರೆ ಒಂದೂ ಉಳಿಯಲ್ಲ!"

"ಸ್ಪಿರಿಟ್ಟು ಕಣಮ್ಮ. ನಾನು ಆಸ್ಪತ್ರೆಯವನು. ಜ್ವರದವರು ಎಲ್ಲಿ?"

"ಮೆಲ್ಲಗೆ ಮಾತಾಡು. ಒಳಗವೆ, ಮಲಗವೆ."

"ಎಷ್ಟು ಜನ?"

"ಜನಾನಾ?" ಓಬಳಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ನಲವತ್ತು ತಟ್ಟೆ!"

ಅವನಿಗೆ ಏನೂ ಕೇಳಿಸಲಿಲ್ಲ. "ಅಮ್ಮಾಜಿ..." ಎಂದ. "ಅಮ್ಮಾಜಿಗೆ ಪ್ರಜ್ಞೆ ಇದೆಯಾ ತಾಯಿ? ಒಂದೇ ಒಂದು ಹನಿ ರಕ್ತ ತಗೋತೀನಿ. ನನ್ನ ಕಾಲದಲ್ಲಿ ಯಾರೂ ನಾಲ್ಕನೇ ಜ್ವರಕ್ಕೆ ಸತ್ತಿಲ್ಲ, ಆಕೆಗೂ ಏನೂ ಆಗಲ್ಲ, ಆಗಬಾರದು..."

ಆ ಹೊತ್ತಿಗೆ ಹಿಂದಿನಿಂದ ಒಂದು ದನಿ.

"ಏನ್ ಸಾರ್? ರೋಗಿಗೆ ಸೊಪ್ಪು ಹಾಕೋಕೆ ಬಂದ್ರಾ?"

ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು ಅಮ್ಮಾಜಿ ನಿಂತಿದ್ದಳು. ಹುಳು ಎದ್ದೊಡನೆ ಹಾಕಲು ತೋಟದಿಂದ ತಂದ ಸೊಪ್ಪು. ಅವಳ ಹಿಂದಿದ್ದ ಹೆಂಗಸರಿಗೆ ವಿಷಯ ಅರ್ಥವಾಗಲು ಅರೆಗಳಿಗೆ ಸಾಕಾಯಿತು. ಆಮೇಲೆ ನೋಡಬೇಕು! ಕುಕ್ಕೆಗಳು ಕೆಳಗಿಳಿದವು. ಒಬ್ಬಳು ಕಂಬ ಹಿಡಿದುಕೊಂಡು ನಕ್ಕಳು. ಹುಳುಮನೆಯೆದುರು ಸದ್ದು ಮಾಡಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು.

"ಹುಳುವಿಗೆ ಸೂಜಿ ಚುಚ್ಚೋಕೆ ಡಾಕ್ಟ್ರು ಬಂದವ್ರೆ ಕಣ್ರೇ!"

ಓಬಳಮ್ಮ ಬಾಗಿಲನ್ನು ಗೇಣಗಲ ಸರಿಸಿದರು. ರಾಯ್ ದೂರದಿಂದಲೇ ಇಣುಕಿದ. ಮಬ್ಬುಗತ್ತಲಲ್ಲಿ ತಟ್ಟೆಗಳ ಅಟ್ಟಣೆ. ತಟ್ಟೆತಟ್ಟೆಯಲ್ಲೂ ಸಾವಿರಾರು ಹುಳು, ತಲೆ ಮೇಲಕ್ಕೆತ್ತಿಕೊಂಡು, ಅಲುಗದೆ ಮಲಗಿದ್ದವು.

ತಲೆ ಮೇಲಕ್ಕೆತ್ತಿಕೊಂಡು... ಅವಳು ಅಂದು ಹೇಳಿದ್ದ ಮಾತು ಅಕ್ಷರಕ್ಕೆ ಅಕ್ಷರ!

ಅವನ ಮುಖದ ಬಣ್ಣ ಇಳಿಯಿತು. ಅಮ್ಮಾಜಿ ಈ ಗಳಿಗೆಗಾಗಿ ಎಷ್ಟು ದಿನ ಹಲ್ಲು ಕಚ್ಚಿ ಕಾದಿದ್ದಳು! ಇನ್ನೊಂದು ಮಾತು ಎಸೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಕೈ ಕಂಡಿತು. ಸೂಜಿಯ ಡಬ್ಬಿ ಹಿಡಿದ ಆ ಕೈ ಗಡಗಡ ನಡುಗುತ್ತಿತ್ತು.

"ನಗಿ," ಎಂದ ಅವನು. "ಎಷ್ಟು ಬೇಕಾದ್ರೂ ನಗಿ. ನೀವು ನಗ್ತಾ ನಿಂತಿದ್ದೀರಲ್ಲ, ಅಷ್ಟು ಸಾಕು ನನಗೆ."

ಹೆಂಗಸರು ಬಾಯಿಂದ ಸೆರಗು ತೆಗೆದರು. ಅಮ್ಮಾಜಿಯ ಎದೆಯಲ್ಲಿ ಏನೋ ಮಗ್ಗುಲು ಬದಲಿಸಿತು. ಅವಳು ಸೋಲಲಿಲ್ಲ.

"ಅವತ್ತು ನೀವೂ ನಕ್ಕಿರಿ ಸಾರ್. ಯಾಕೆ?"

"ಅವರು ನಕ್ಕರು, ಅದಕ್ಕೆ."

"ಅವರು ಬಾವಿಗೆ ಬಿದ್ರೆ?"

"ಬೀಳ್ತಿದ್ದೆ," ಎಂದ ಅವನು. "ಈ ಕೋಟು ಹಾಕ್ಕೊಂಡವನು ಬೀಳ್ತಿದ್ದ."

"ಹಾಗಾದ್ರೆ ಕೋಟು ತೊಳೆಸ್ಕೊಳ್ಳಿ. ಪರೀಕ್ಷೆಗೆ ಬರ್ತೀನಿ. ಯಾರ ಮರುಕವೂ ಬೇಡ ನನಗೆ."

ಹಾಗೆಂದು ತಿರುಗಿ ನಡೆದಳು. ಒಳಗೆ ಹೋಗಿ, ಅವನು ಕುಡಿಯಲೆಂದು ಒಂದು ಚೆಂಬು ಮಜ್ಜಿಗೆಯನ್ನು ತಾಯಿಯ ಕೈಯಲ್ಲಿ ಕಳಿಸಿದಳು.

ಮರುದಿನ ಹುಳು ಎದ್ದವು. ಅದರ ಮರುದಿನ ಅಮ್ಮಾಜಿ ಪರೀಕ್ಷಕರೆದುರು ನಿಂತಿದ್ದಳು.

ಅವಳು ಎಳೆದ ರಕ್ತದ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಬಂದಿತ್ತು. ಬಿಳಿ ಕಣಗಳ ಪ್ರಶ್ನೆ ಬಂತು. ಹೆಸರುಗಳು ನಾಲಿಗೆಯ ತುದಿಯಲ್ಲಿದ್ದವು. ಬಣ್ಣದ ಪ್ರಶ್ನೆ ಬಂತು, ಅದೂ ಇತ್ತು. 'ಇದೆಲ್ಲ ಅವನು ಬೆಳಬೆಳಗ್ಗೆ ಕೆಣಕುತ್ತಾ ಕೇಳಿದ್ದೇ ಅಲ್ಲವೇ!' ಅವಳು ಬೆರಗಾಗಿ ಓರೆಗಣ್ಣಿನಿಂದ ನೋಡಿದಳು. ಅವನು ನೆಲ ನೋಡುತ್ತಿದ್ದ.

ಪರೀಕ್ಷಕರಿಗೆ ಆಗ ನೆನಪಾಯಿತು.

"ಓಹೋ, ಸೊಪ್ಪಿನ ಹುಡುಗಿ! ನಾಲ್ಕನೇ ಜ್ವರ ಅಂದ್ರೇನು, ಈಗಲಾದ್ರೂ ಗೊತ್ತಾಯ್ತೋ?"

ಅವರು ನಕ್ಕರು. ನಕ್ಕು, ವಾಡಿಕೆಯಂತೆ ಪಕ್ಕದ ಕೋಟಿನ ಕಡೆ ತಿರುಗಿದರು. ಅಲ್ಲಿ ನಗುವಿರಲಿಲ್ಲ.

"ಪ್ರಶ್ನೆ ಸರಿಯಿಲ್ಲ ಸಾರ್," ಎಂದ ಅವನು.

"ವಾಟ್, ಮಿಸ್ಟರ್ ರಾಯ್?"

"ಚೆನ್ನರಾಯಪ್ಪ ಸಾರ್. ಈ ಸೀಮೇಲಿ ನಾಲ್ಕನೇ ಜ್ವರ ಅಂದ್ರೆ ರೇಷ್ಮೆಹುಳು ಮಲಗೋದು. ಆಕೆ ಅವತ್ತು ಹೇಳಿದ್ದು ಸರಿ. ತಿಳೀದೆ ನಕ್ಕವರು ನಾವು."

ಪರೀಕ್ಷಕರ ಹುಬ್ಬು ಮೇಲೇರಿತು. ಅವನ ಕೆಲಸದ ಮೇಲಿನ ಷರಾ ಬರೆಯುವವರೂ ಅವರೇ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಮ್ಮಾಜಿ ಅವನತ್ತ ತಿರುಗಿದಳು. 'ಕೋಟಿನೊಳಗೆ ಮನುಷ್ಯನೂ ಇದ್ದಾನೆ!' ಅವಳು ಮುಂದೆ ಬಂದಳು.

"ಮಲೇರಿಯಾದ್ದು ಕೇಳ್ತಿದ್ರೆ ಹೇಳ್ತೀನಿ ಸಾರ್. ಎಪ್ಪತ್ತೆರಡು ಗಂಟೆಗೊಂದು ಸಲ ಜ್ವರ ಬರ್ತದೆ. ಗಾಜಲ್ಲಿ ನೋಡಿದ್ರೆ ಕೆಂಪು ಕಣದ ಅಡ್ಡಕ್ಕೆ ಪಟ್ಟಿ ಎಳೆದ ಹಾಗೆ ಕಾಣ್ತದೆ. ಕಣ ಊದಿಕೊಂಡಿರಲ್ಲ."

ದೊಡ್ಡವರು ತಪ್ಪೊಪ್ಪಿಕೊಂಡ ಕಥೆ ಈ ಸೀಮೆಯಲ್ಲಿ ಎಲ್ಲೂ ದೊರೆಯುವುದಿಲ್ಲ, ಇದರಲ್ಲೂ ಇಲ್ಲ. ಪರೀಕ್ಷಕರು ತಣ್ಣಗಾದ ಕಾಫಿಯ ಮೇಲೆ ಸಿಡುಕಿ, ಅಂಕ ಬರೆದು, "ನೆಕ್ಸ್ಟ್" ಎಂದರು. ಚೆನ್ನರಾಯಪ್ಪನ ಬಡ್ತಿ ಆ ವರ್ಷ ಬರಲಿಲ್ಲ.

ಅಮ್ಮಾಜಿ ಪಾಸಾದಳು. ಕೋನಪ್ಪ ಜಿಲೇಬಿ ತರಲಿಲ್ಲ. "ಊರವರ ಉಚ್ಚೆ ನೋಡೋಳು ನನಗ್ಯಾಕೆ!" ಎಂದು ಹೊರಟುಹೋದ. ಅಮ್ಮಾಜಿಯ ಮನೆಯಲ್ಲಿ ಆ ದಿನ ಒಬ್ಬಟ್ಟು ಮಾಡಿದರು.

ಫಲಿತಾಂಶದ ಸಂಜೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ, ಊರಿನ ಬಸ್ಸು ಹತ್ತಿ ಕುಳಿತಿದ್ದ ಅಮ್ಮಾಜಿಯ ಕಿಟಕಿಯ ಬಳಿ ಚೆನ್ನರಾಯಪ್ಪ ಬಂದು ನಿಂತ. ಮೈಮೇಲೆ ಕೋಟಿರಲಿಲ್ಲ. ಅದಿಲ್ಲದೆ ಸ್ವಲ್ಪ ಸಣ್ಣವನಾಗಿ ಕಂಡ. ಅವಳಿಗೆ ಅದೇ ಚೆನ್ನೆನಿಸಿತು.

"ನಿಮ್ಮಪ್ಪನ್ನ ನೋಡೋಕೆ ನಮ್ಮಪ್ಪ ಬರ್ತಾರಂತೆ," ಎಂದ. "ನೀವು ಬೇಡ ಅಂದ್ರೆ ಬರಲ್ಲ."

"ಸ್ಪಿರಿಟ್ಟು ಬಳ್ಕೊಂಡು ಬರಬೇಡಿ ಅನ್ನಿ."

"ಅಷ್ಟೇನಾ?"

"ಇನ್ನೇನು? ಇನ್ನೂ ಒಂದು ಹನಿ ರಕ್ತ ಬೇಕಾ?"

ಅವನು ನಕ್ಕ. ಈ ನಗು ಯಾರನ್ನೂ ನೋಡಿ ಕಲಿತದ್ದಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು, ಆ ಹಳೆಯ ಪ್ರಶ್ನೆಯನ್ನೇ ಮೊದಲ ಸಲ ಕುಹಕವಿಲ್ಲದೆ, ಹೆದರಿ ಹೆದರಿ ಕೇಳಿದ.

"ಅಮ್ಮಾಜಿ... ಇವತ್ತು ಎಷ್ಟನೇ ಜ್ವರ?"

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ತಲೆ ಮಾತ್ರ ಎತ್ತಿಯೇ ಇತ್ತು.

"ನಾಲ್ಕೂ ಎದ್ದಾಯ್ತು ಕಣ್ರೀ."

"ಮುಂದೆ?"

"ಹುಳುಮನೆಯವರನ್ನ ಕೇಳಿ, ಹೇಳ್ತಾರೆ," ಎಂದಳು ಅಮ್ಮಾಜಿ. "ಇನ್ನು ಗೂಡು ಕಟ್ಟೋದೇ!"